ರೀಬ್ರೀದರ್ (ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ ಡೈವಿಂಗ್ ಸಾಧನ) ಕೈಕೊಟ್ಟರೆ: 45 ಮೀಟರ್ ಆಳಕ್ಕೆ ಬೇಲ್‌ಔಟ್ (ತುರ್ತು) ಗ್ಯಾಸ್ ಎಷ್ಟು ಬೇಕು?

ಪ್ರಶ್ನೆ (ವಾಸ್ಕೋ, ಗೋವಾ): ಬೇಲ್‌ಔಟ್‌ಗೆ 11 ಲೀಟರ್ ಸಿಲಿಂಡರ್‌ನಲ್ಲಿ ತಳದ ಗ್ಯಾಸ್ (ಆಳದಲ್ಲಿ ಉಸಿರಾಡುವ ಮಿಶ್ರಣ), 21 ಮೀಟರ್‌ನಿಂದ ಮೇಲಕ್ಕೆ ನೈಟ್ರಾಕ್ಸ್ 50 (ಶೇ. 50 ಆಮ್ಲಜನಕದ ಮಿಶ್ರಣ). ತಳದ ಗ್ಯಾಸ್ ಸಾಲುತ್ತದಾ ಸರ್?

ಉತ್ತರ 1: ಉಸಿರಾಟಕ್ಕೆ ನಿಮಿಷಕ್ಕೆ 20 ಲೀಟರ್ ಅಂತ ಹಿಡಿಯಲೇಬೇಡಿ. ಸ್ಕ್ರಬ್ಬರ್ (ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಭಾಗ) ಸೋತು ಕಾರ್ಬನ್ ಡೈಆಕ್ಸೈಡ್ ಏರಿದರೆ ಏದುಸಿರು ಶುರುವಾಗುತ್ತದೆ, ಬೇಲ್‌ಔಟ್ ಬಾಯಿಗಿಟ್ಟ ತಕ್ಷಣ ಇಳಿಯಲ್ಲ. 40 ಹಿಡಿಯಿರಿ, ಅದನ್ನು ಆ ಆಳದ ಒತ್ತಡದಿಂದ (45 ಮೀಟರ್‌ನಲ್ಲಿ 5.5 ಬಾರ್, 33ರಲ್ಲಿ 4.3) ಗುಣಿಸಿ. ತಳದಲ್ಲಿ 3 ನಿಮಿಷ: 40 × 5.5 × 3 = 660 ಲೀಟರ್. 21ಕ್ಕೆ ಏರಲು 3 ನಿಮಿಷ, ಸರಾಸರಿ 33 ಮೀಟರ್: 40 × 4.3 × 3 = 516. ಒಟ್ಟು 1176. 200 ಬಾರ್ ತುಂಬಿಸಿದರೆ ಸುಮಾರು 2200 ಇರುತ್ತದೆ, ಸಾಲುತ್ತದೆ.

ಉತ್ತರ 2: ಮಿಕ್ಕ ಸಾವಿರ ಲೀಟರ್ ಹೆಚ್ಚುವರಿ ಅಂದುಕೊಳ್ಳಬೇಡಿ. ನೈಟ್ರಾಕ್ಸ್ ರೆಗ್ಯುಲೇಟರ್ ಫ್ರೀಫ್ಲೋ ಆದರೆ (ಗ್ಯಾಸ್ ನಿಲ್ಲದೆ ಸೋರಿದರೆ) ಡಿಕೋ (ಏರುವಾಗ ದೇಹದಲ್ಲಿ ಕರಗಿದ ಗ್ಯಾಸ್ ಹೊರಹೋಗಲು ಮಾಡುವ ನಿಲುಗಡೆಗಳು) ಪೂರ್ತಿ ತಳದ ಗ್ಯಾಸಲ್ಲೇ, ನಿಲುಗಡೆಯೂ ಉದ್ದ. ಆ ನಿಲುಗಡೆಗಳ ಪಟ್ಟಿಯನ್ನೂ ಸ್ಲೇಟಲ್ಲಿ ಬರೆದಿಡಿ. ಜೊತೆಗಾರರ ಸಿಲಿಂಡರ್ ಲೆಕ್ಕಕ್ಕೆ ಸೇರಿಸಬೇಡಿ, ಪ್ರವಾಹದಲ್ಲಿ ಬೇರೆಯಾದರೆ ಅದು ಸಿಗಲ್ಲ.