ಅಜ್ಜಿ ಊರಿದ ಅಪ್ಪೆಮರ

ನಮ್ಮ ಅಜ್ಜಿ ಹೋದ ತಿಂಗಳು ತೀರಿಕೊಂಡಳು. 86 ವರ್ಷ. ಅಮೆರಿಕದ ಸ್ಯಾನ್ ಹೋಸೆಯಿಂದ ಹೊರಟು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗೊಮ್ಮೆ ಮುಖ ನೋಡಲಿಲ್ಲ ಅನ್ನುವ ಸಂಕಟ ಇನ್ನೂ ಇಳಿದಿಲ್ಲ. ಇಲ್ಲಿ ನೆಲೆಸಿದ ನಮಗೆಲ್ಲ ಈ ಫೋನ್ ಒಂದು ದಿನ ಬರುತ್ತದೆ ಅಂತ ಗೊತ್ತಿರುತ್ತದೆ. ಆದರೂ ಬಂದಾಗ ಕೈಕಾಲು ಆಡುವುದಿಲ್ಲ.

ನಾವು ಇಲ್ಲಿನ ಕನ್ನಡದವರು ಸೇರಿದಾಗಲೆಲ್ಲ ಮಕ್ಕಳಿಗೆ ನಮ್ಮದು ಅನ್ನುವುದನ್ನು ದಾಟಿಸುವುದು ಹೇಗೆ ಅನ್ನುವ ಮಾತು ಬರುತ್ತದೆ ಅಲ್ವಾ? ಆಗೆಲ್ಲ ನನಗೆ ಅಜ್ಜಿಯೇ ನೆನಪಾಗುತ್ತಾಳೆ. ನಮ್ಮ ಮನೆಯಲ್ಲಿ ಮೊದಲು ಊರು ಬಿಟ್ಟವಳು ಅವಳು. ಅವಳದು ಶರಾವತಿ ದಡದ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಮನೆ, ಅಡಿಕೆ ತೋಟ, ಗದ್ದೆ ಎಲ್ಲ ನೀರಿನಡಿ ಹೋಯಿತು. ಆಗ ಅಜ್ಜಿಗೆ 24. ಹೆಂಚು, ಬಾಗಿಲು ಬಿಚ್ಚಿ ಲಾರಿಗೆ ತುಂಬಿದರಂತೆ. ಅಜ್ಜಿಯ ಒಂದು ತೊಡೆ ಮೇಲೆ ನನ್ನ ಅಮ್ಮ, ಇನ್ನೊಂದರ ಮೇಲೆ ಉಪ್ಪಿನಕಾಯಿ ಭರಣಿ. ಸೆರಗಿನ ತುದಿಯಲ್ಲಿ ಹೊಳೆದಂಡೆಯ ಅಪ್ಪೆಮರದ, ಅಂದರೆ ಮಿಡಿ ಉಪ್ಪಿನಕಾಯಿಗೆ ಹೆಸರಾದ ಪರಿಮಳದ ಮಾವಿನಮರದ, ನಾಲ್ಕು ಗೊರಟು.

ಹೊಸ ಊರಲ್ಲಿ ಅವನ್ನು ಊರಿದಳು. ಎಂಟೊಂಬತ್ತು ವರ್ಷಕ್ಕೆ ಒಂದು ಮರ ಮಿಡಿ ಬಿಟ್ಟಿತು. ವಾಸನೆ ಹಳೇ ಮರದ್ದಲ್ಲ. ಅಪ್ಪೆಯೇ ಹಾಗೆ. ಗೊರಟು ಊರಿದರೆ ತಾಯಿಮರದ ಪರಿಮಳ ಬಂದೇ ಬರುತ್ತದೆ ಅಂತಿಲ್ಲ. ಅದೇ ಬೇಕೆಂದರೆ ಕಸಿ ಕಟ್ಟಬೇಕು. ಕಸಿಗೆ ಕಡ್ಡಿ ತರೋಣವೆಂದರೆ ಹಳೇ ಮರ ಮುಳುಗಡೆಯಲ್ಲಿ ಹೋಗಿತ್ತು. ಕಡಿದುಬಿಡೋಣ ಅಂದರಂತೆ ಅಜ್ಜ. ಅಜ್ಜಿ ಬಿಡಲಿಲ್ಲ. "ಇದಕ್ಕೂ ಒಂದು ವಾಸನೆ ಇದ್ದು" ಅಂದು ಉಪ್ಪು ಹಾಕಿಟ್ಟಳು. ನಾವು ಮೊಮ್ಮಕ್ಕಳೆಲ್ಲ ತಿಂದು ಬೆಳೆದದ್ದು ಅದೇ ಮರದ ಮಿಡಿ.

ಹಳೇ ಊರಿನ ಬಗ್ಗೆ ಜಾಸ್ತಿ ಮಾತಾಡುತ್ತಿರಲಿಲ್ಲ. ಒಮ್ಮೆ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಹೋಗುವಾಗ ನೀರಿನ ಕಡೆ ಕೈ ಮಾಡಿ "ಅತ್ತಲಾಗಿ ನಮ್ಮ ಕೊಟ್ಟಿಗೆ" ಅಂದಿದ್ದಳು. ಅಷ್ಟೇ. 2025ರಲ್ಲಿ ಅಲ್ಲಿ ಸೇತುವೆ ಆಯಿತು. ಅದರ ಮೇಲೆ ಅವಳನ್ನು ಕರೆದುಕೊಂಡು ಹೋಗಬೇಕು ಅಂತಿದ್ದೆ.

ಹಿಂದೊಂದು ಮಾರ್ಚಿನಲ್ಲಿ ಮಗಳ ಜತೆ ಹೋಗಿದ್ದೆ. ಅಜ್ಜಿ ಜಗಲಿಯಲ್ಲಿ ಗೋಣಿ ಹಾಸಿ ಮಿಡಿ ಆರಿಸುತ್ತಿದ್ದಳು. ಮಗಳು ಒಂದರ ತೊಟ್ಟು ಮುರಿಯಲು ಹೋದಾಗ ಗಕ್ಕನೆ ಕೈ ಹಿಡಿದಳು. ತೊಟ್ಟಿದ್ದ ಮಿಡಿ ವರ್ಷಗಟ್ಟಲೆ ಇರುತ್ತದೆ, ತೊಟ್ಟು ಹೋದದ್ದು ಬೇಗ ಮೆತ್ತಗಾಗುತ್ತದೆ. ಆಮೇಲೆ ಪಾಪ ಅನ್ನಿಸಿರಬೇಕು, ತಾನೇ ಒಂದನ್ನು ಮುರಿದಳು. ಸೊನೆ ಚಿಮ್ಮಿತು. ಮಗುವಿನ ಕೈ ಸುಟ್ಟೀತೆಂದು ಮಿಡಿಯನ್ನು ತಾನೇ ಹಿಡಿದು ಮೂಸಲು ಕೊಟ್ಟಳು. ಮಗಳು ಕಣ್ಣು ಮುಚ್ಚಿ ಎರಡು ಸಲ ಮೂಸಿದಳು.

ಇಲ್ಲಿ ಕನ್ನಡ ತರಗತಿಗೂ ಕಳಿಸುತ್ತೇನೆ. ಅಕ್ಷರ ಕಲಿತದ್ದು ಅಲ್ಲೇ. ಆದರೆ ಮಾತು ಬಂದದ್ದು ಅಜ್ಜಿಯಿಂದ. ಶನಿವಾರ ರಾತ್ರಿ 8ಕ್ಕೆ ವಿಡಿಯೋ ಕಾಲ್. ಅಲ್ಲಿ ಆಗಷ್ಟೇ ಭಾನುವಾರ ಬೆಳಗಾಗಿ ಅಜ್ಜಿಯ ಕಾಫಿ ಮುಗಿದಿರುತ್ತಿತ್ತು. "ಊಟ ಆತನೇ ಕೂಸೆ?" ಅಂತ ಶುರು. ಮೊದಮೊದಲು ನಾನು ಪಕ್ಕದಲ್ಲೇ ಕೂತು ಮಗಳ ತಪ್ಪು ತಿದ್ದುತ್ತಿದ್ದೆ. ಅವಳು ಬಾಯಿಯೇ ಬಿಡುತ್ತಿರಲಿಲ್ಲ. "ನೀ ಒಳಗೆ ಹೋಗು" ಅಂತ ಅಜ್ಜಿಯೇ ನನ್ನನ್ನು ಎಬ್ಬಿಸಿದಳು. ಅಲ್ಲಿಂದ ಮುಂದೆ ಇಬ್ಬರದೇ ರಾಜ್ಯ. ವಾರಕ್ಕೊಂದು ಒಗಟು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಎಂಥದು?" ಅಂದರೆ ಮಗಳು "ಯಾರು ಚೆಲ್ಲಿದ್ದು? ಒರೆಸಬೇಕಲ್ಲ" ಅಂದಿದ್ದಳು. ಮಲ್ಲಿಗೆ ಅಂತ ಹೇಳದೆ ಅಜ್ಜಿ ಇಡೀ ವಾರ ಕಾಯಿಸಿದಳು. ಚಿಕ್ಕ ಮಕ್ಕಳಿರುವವರು ದಯವಿಟ್ಟು ಹೀಗೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಅವರವರ ಪಾಡಿಗೆ ಬಿಡಿ. ತಪ್ಪು ಒಪ್ಪು ಆಮೇಲೆ ನೋಡಿದರಾಯಿತು.

ವಾಪಸ್ ಬಂದ ಮೇಲಿನ ಮೊದಲ ಶನಿವಾರ ಎಂಟು ಗಂಟೆಗೆ ನಾನು ಸುಮ್ನೆ ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಮಗಳು ಎಂದಿನ ಹಾಗೆ ಫೋನನ್ನು ನೀರಿನ ಜಗ್ಗಿಗೆ ಆನಿಸಿಟ್ಟು ನನ್ನ ಅಮ್ಮನಿಗೆ ಹಚ್ಚಿದಳು. ಅಮ್ಮನಿಗೆ ಅಳು ಬಂದು ಮಾತೇ ಹೊರಡಲಿಲ್ಲ. ಮಗಳು ಸ್ವಲ್ಪ ಹೊತ್ತು ಕಾದಳು.

"ಕಾಫಿ ಆತನೇ ಅಮ್ಮಮ್ಮಾ?" ಅಂದಳು. ಆಮೇಲೆ, "ಒಂದು ಒಗಟು ಕೇಳಲಾ?"