ಕ್ರಿಮಿನಾಲಜಿ ಪದವಿ ಪ್ರಬಂಧ: ತುಂಬಾ ಚೆನ್ನಾಗಿದೆ ಅನ್ನಿಸಿಕೊಳ್ಳಲು ಏನಿರಬೇಕು? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಬಿಎ ಕೊನೆಯ ವರ್ಷದ ವಿದ್ಯಾರ್ಥಿನಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಪ್ರಬಂಧ ಸಲ್ಲಿಸಬೇಕು. ‘ಕರ್ನಾಟಕದಲ್ಲಿ ಮಹಿಳೆಯರ ಮೇಲಿನ ಅಪರಾಧಗಳು: ಕಾರಣ ಮತ್ತು ಪರಿಹಾರ’ ಅಂತ ವಿಷಯ ಯೋಚಿಸಿದ್ದೇನೆ. ಗೂಗಲ್ ಫಾರ್ಮ್ ಕಳಿಸಿ ನೂರು ಜನರ ಅಭಿಪ್ರಾಯ ತೆಗೆದುಕೊಳ್ಳುವ ಯೋಚನೆ ಇದೆ. ಗೈಡ್ ಮೇಡಂ, ‘ಪಾಸಾಗುವುದಕ್ಕೆ ಇಷ್ಟು ಸಾಕು, ಒಳ್ಳೆಯ ಪ್ರಬಂಧಕ್ಕೆ ಸಾಲದು’ ಅಂದರು. ಏನು ಸಾಲದು ಅಂತ ತಿಳಿಯುತ್ತಿಲ್ಲ. ಪ್ರಬಂಧ ಬರೆದವರು, ತಿದ್ದುವವರು, ಠಾಣೆ ಮತ್ತು ಕೋರ್ಟು ಬಲ್ಲವರು ದಯವಿಟ್ಟು ಹೇಳಿ.

ಉತ್ತರ: ಉಪನ್ಯಾಸಕಿ, ಮೈಸೂರು

ನಿಮ್ಮ ತಲೆಬರಹದಲ್ಲಿ ಪ್ರಶ್ನೆಯೇ ಇಲ್ಲ. ತೊಂದರೆ ಶುರುವಾಗುವುದು ಅಲ್ಲಿಂದ. ‘ಕಾರಣ ಮತ್ತು ಪರಿಹಾರ’ ಅಂತ ಇರುವ ಪ್ರಬಂಧಗಳು ಪ್ರತಿ ವರ್ಷ ಮೌಲ್ಯಮಾಪನಕ್ಕೆ ಬರುತ್ತವೆ. ಕಾನೂನು ಇನ್ನೂ ಕಠಿಣವಾಗಬೇಕು, ಜನರಲ್ಲಿ ಜಾಗೃತಿ ಮೂಡಬೇಕು ಅಂತ ಮುಗಿಯುತ್ತವೆ. ಆ ಮಾತು ಹೇಳಲು ಸಂಶೋಧನೆ ಬೇಕಾಗಿರಲಿಲ್ಲ, ಅಲ್ವಾ?

ಮಹಿಳೆಯರ ಮೇಲಿನ ಅಪರಾಧ ಅನ್ನುವುದು ಒಂದೇ ವಿಷಯವೂ ಅಲ್ಲ. ಪೊಲೀಸರು ದಾಖಲಿಸಿದ ಪ್ರಕರಣಗಳ ಲೆಕ್ಕ ಕೊಡುವ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) 2022ರ ವರದಿ ನೋಡಿ. ದೇಶದಲ್ಲಿ ಈ ತಲೆಬರಹದಡಿ 4,45,256 ಪ್ರಕರಣ ದಾಖಲಾಗಿವೆ. ಶೇ. 31.4ರಷ್ಟು ಗಂಡ ಅಥವಾ ಅವನ ಮನೆಯವರ ಕ್ರೌರ್ಯದವು. ಶೇ. 19.2 ಅಪಹರಣದವು. ಮನೆಯೊಳಗಿನ ಹೊಡೆತಕ್ಕೂ ಅಪಹರಣಕ್ಕೂ ಕಾರಣ ಬೇರೆ, ಆರೋಪಿ ಬೇರೆ, ದೂರು ಕೊಡುವವರೂ ಬೇರೆ. ಎಲ್ಲವನ್ನೂ ಒಂದೇ ಪ್ರಬಂಧದಲ್ಲಿ ಹಿಡಿಯಲು ಹೋದರೆ ಯಾವುದೂ ಕೈಗೆ ಸಿಗುವುದಿಲ್ಲ.

ಗಂಡನ ಮನೆಯ ಹಿಂಸೆ ಒಂದನ್ನೇ ತೆಗೆದುಕೊಳ್ಳಿ. ಈಗ ಇನ್ನೊಂದು ಅಂಕಿ ಪಕ್ಕದಲ್ಲಿಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆ ಮನೆಗೆ ಹೋಗಿ ಹೆಂಗಸರನ್ನೇ ಕೇಳುತ್ತಾರೆ. 2019-21ರ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದರು. ಅದೇ ಸಮೀಕ್ಷೆಯಲ್ಲಿ, ಹಿಂಸೆ ಅನುಭವಿಸಿದವರ ಪೈಕಿ ಯಾರ ಬಳಿಯಾದರೂ ಸಹಾಯ ಕೇಳಿದವರು ದೇಶದಲ್ಲಿ ಶೇ. 14 ಮಾತ್ರ. ಸಮೀಕ್ಷೆಯ ಅಂಕಿ ಮನೆ ಬಾಗಿಲಲ್ಲಿ ಹುಟ್ಟಿದ್ದು, ಎನ್‌ಸಿಆರ್‌ಬಿಯ ಅಂಕಿ ಠಾಣೆಯಲ್ಲಿ ಹುಟ್ಟಿದ್ದು. ಇವೆರಡರ ನಡುವೆ ಏನಾಗುತ್ತದೆ? ನಿಮ್ಮ ಪ್ರಬಂಧ ಇರುವುದು ಅಲ್ಲಿ.

ಎಚ್ಚರಿಕೆಯ ಮಾತು ಒಂದಿದೆ. ನಾಲ್ಕನೇ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ನಮ್ಮ ರಾಜ್ಯದ ಅಂಕಿ ಶೇ. 20ರ ಆಸುಪಾಸಿನಲ್ಲಿತ್ತು. ‘ಹಿಂಸೆ ಎರಡು ಪಟ್ಟಾಯಿತು’ ಅಂತ ಸುಮ್ನೆ ಬರೆದುಬಿಡಬೇಡಿ. ಹಿಂಸೆ ಹೆಚ್ಚಾಗಿರಬಹುದು, ಹೇಳಿಕೊಳ್ಳುವ ಧೈರ್ಯ ಹೆಚ್ಚಾಗಿರಬಹುದು, ಕೇಳಿದ ರೀತಿ ಬದಲಾಗಿರಬಹುದು. ಈ ಮೂರನ್ನೂ ತೂಗಿ ನೋಡಿದ ವಿದ್ಯಾರ್ಥಿಗೆ ನಾನು ಸಂತೋಷದಿಂದ ಅಂಕ ಕೊಡುತ್ತೇನೆ.

ಉತ್ತರ: ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಹುಬ್ಬಳ್ಳಿ

ತಂಗಿ, ಮೇಡಂ ಹೇಳಿದ ಆ ನಡುವಿನ ಜಾಗದಲ್ಲೇ ನಾನು ಕೆಲಸ ಮಾಡಿದ್ದು. ಠಾಣೆಯಲ್ಲಿ ಬಹಳ ಕಾಲ ರೈಟರ್ (ದೂರು, ಕಾಗದಪತ್ರ ಬರೆಯುವವನು) ಆಗಿದ್ದೆ. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ಹೆಣ್ಣುಮಗಳು ಠಾಣೆಗೆ ಬಂದು ಗಂಡ ಹೊಡೆದ ಅಂದ ತಕ್ಷಣ ಎಫ್‌ಐಆರ್ ಆಗುವುದಿಲ್ಲ. ಎಷ್ಟೋ ಸಲ ಅದು ಅರ್ಜಿ ಅಂತ ದಾಖಲಾಗುತ್ತದೆ. ಗಂಡನಿಗೆ ಫೋನ್ ಹೋಗುತ್ತದೆ. ಎರಡೂ ಕಡೆಯ ಹಿರಿಯರು ಬರುತ್ತಾರೆ. ಮುಚ್ಚಳಿಕೆ ಬರೆಸಿಕೊಂಡು, ಅರ್ಜಿಗೆ ಹಿಂಬರಹ (ಅರ್ಜಿ ಮುಗಿಯಿತು ಅನ್ನುವ ಲಿಖಿತ ಉತ್ತರ) ಕೊಟ್ಟು ಕಳಿಸುತ್ತಾರೆ. ಕೆಲವರು ಎಫ್‌ಐಆರ್ ಬೇಕೇ ಬೇಕು ಅನ್ನುತ್ತಾರೆ. ಕೆಲವರು ‘ಸ್ವಲ್ಪ ಹೆದರಿಸಿ ಕಳಿಸಿ ಸಾಕು, ಜೈಲು ಬೇಡ’ ಅಂತ ಕೈಮುಗಿಯುತ್ತಾರೆ. ಆಮೇಲೆ ಎಫ್‌ಐಆರ್ ಆದರೂ ತನಿಖೆಯಲ್ಲಿ ರಾಜಿಯಾಗಿ, ಸಾಕ್ಷಿ ಇಲ್ಲದೆ ಬಿ ರಿಪೋರ್ಟ್, ಅಂದರೆ ಪ್ರಕರಣ ಮುಚ್ಚುವ ವರದಿ, ಆಗುವುದಿದೆ. ಈ ಒಂದೊಂದು ಹಂತಕ್ಕೂ ಕಾಗದ ಇರುತ್ತದೆ. ಎನ್‌ಸಿಆರ್‌ಬಿ ಪುಸ್ತಕ ಸೇರುವುದು ಎಫ್‌ಐಆರ್ ಆದವು ಮಾತ್ರ.

ಬೇರೆ ಅಪರಾಧದಲ್ಲೂ ಹೀಗೇ. ಬೈಕ್ ಕಳವಾದರೆ ವಿಮೆಗೆ ಎಫ್‌ಐಆರ್ ಬೇಕು, ಹಾಗಾಗಿ ಜನ ಬಿಡದೆ ಬರೆಸುತ್ತಾರೆ. ಮೊಬೈಲ್ ಕಳವಾದರೆ ‘ಕಳೆದುಹೋಯಿತು’ ಅಂತ ಪೊಲೀಸರ ಇ-ಲಾಸ್ಟ್ ಆ್ಯಪ್‌ನಲ್ಲಿ ಹಾಕಿ ಮುಗಿಸುವವರು ಎಷ್ಟೋ ಮಂದಿ. ಪುಸ್ತಕದಲ್ಲಿ ಬೈಕ್ ಕಳವು ದೊಡ್ಡದಾಗಿ ಕಾಣುತ್ತದೆ, ಮೊಬೈಲ್ ಕಳವು ಕಾಣುವುದೇ ಇಲ್ಲ. ಅಂಕಿ ನೋಡಿ ಊರಿನ ಬಗ್ಗೆ ಬರೆಯುವ ಮಕ್ಕಳು ಇದನ್ನು ತಿಳಿದಿರಬೇಕು ಅಂತ ನನ್ನ ಆಸೆ.

ನಿಮ್ಮ ಕೆಲಸಕ್ಕೆ ಠಾಣೆಗೆ ನೇರವಾಗಿ ಬರಬೇಡಿ. ಕಾಲೇಜಿನ ಪತ್ರ ಹಿಡಿದು ಮೊದಲು ಕಮಿಷನರ್ ಅಥವಾ ಎಸ್‌ಪಿ ಕಚೇರಿಯ ಅನುಮತಿ ತೆಗೆದುಕೊಳ್ಳಿ. ಆ ಪತ್ರ ಇದ್ದರೆ ಯಾರೂ ಹಿಂಜರಿಯದೆ ಮಾತಾಡುತ್ತಾರೆ.

ಉತ್ತರ: ಎಂಎಸ್‌ಸಿ ವಿದ್ಯಾರ್ಥಿ, ಮಂಗಳೂರು

ಥಿಯರಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಸೇರಿಸುತ್ತಿದ್ದೇನೆ. ಎರಡನೇ ಅಧ್ಯಾಯದಲ್ಲಿ ಹತ್ತೊಂಬತ್ತನೇ ಶತಮಾನದ ಇಟಲಿಯ ಅಪರಾಧಶಾಸ್ತ್ರಜ್ಞ ಲೊಂಬ್ರೊಸೊನಿಂದ ಶುರುಮಾಡಿ ಎಲ್ಲ ಸಿದ್ಧಾಂತಗಳನ್ನೂ ಒಂದೊಂದು ಪ್ಯಾರಾ ಬರೆದು, ಮುಂದೆ ಅವುಗಳ ಹೆಸರನ್ನೇ ಎತ್ತದ ಪ್ರಬಂಧಗಳು ನಮ್ಮ ಲೈಬ್ರರಿ ತುಂಬಾ ಇವೆ. ಒಂದೇ ಸಿದ್ಧಾಂತ ಸಾಕು. ಆದರೆ ಅದು ದುಡಿಯಬೇಕು.

ಅಕ್ಕ, ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಬ್ಲ್ಯಾಕ್ 1970ರಲ್ಲಿ ಬರೆದ ಲೇಖನ. ಬಾಸ್ಟನ್, ಶಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ಪೊಲೀಸರ ಜೊತೆಗಿದ್ದು ಬರೆದುಕೊಂಡ ಟಿಪ್ಪಣಿಗಳ ಮೇಲೆ ಅದು ನಿಂತಿದೆ. ದೂರು ಕೊಟ್ಟವರು ಏನು ಬಯಸುತ್ತಾರೆ ಅನ್ನುವುದರ ಮೇಲೆ ಅಧಿಕೃತ ವರದಿ ಆಗುವುದು ನಿಂತಿರುತ್ತದೆ, ಮತ್ತು ದೂರುದಾರರಿಗೂ ಆರೋಪಿಗೂ ಸಂಬಂಧ ಹತ್ತಿರವಾದಷ್ಟೂ ವರದಿ ಆಗುವುದು ಕಡಿಮೆ ಅಂತ ಅವರು ತೋರಿಸಿದರು. ಮೇಲೆ ರೈಟರ್ ಸರ್ ಹೇಳಿದ್ದೂ ಇದನ್ನೇ! ಅಮೆರಿಕದ ಆ ಮಾತು ಹುಬ್ಬಳ್ಳಿ-ಧಾರವಾಡಕ್ಕೆ ಎಷ್ಟು ಹೊಂದುತ್ತದೆ? ಅಲ್ಲಿ ಇಲ್ಲದ, ಇಲ್ಲಿ ಇರುವ ಹಿರಿಯರ ಪಂಚಾಯಿತಿ ಏನು ಬದಲಿಸುತ್ತದೆ? ಇದನ್ನು ಹುಡುಕಿದರೆ ಪದವಿ ಮಟ್ಟದಲ್ಲಿ ತುಂಬಾ ಒಳ್ಳೆಯ ಕೆಲಸ.

ಗೂಗಲ್ ಫಾರ್ಮ್ ಬಿಟ್ಟುಬಿಡಿ. ಅದು ನಿಮ್ಮ ಗೆಳತಿಯರ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗುತ್ತದೆ, ಅವರ ಅನಿಸಿಕೆ ಬರುತ್ತದೆ. ಠಾಣೆ ಮೆಟ್ಟಿಲು ಹತ್ತಿದವರ ಕಥೆ ಬರುವುದಿಲ್ಲ. ಅದರ ಬದಲು ಎಂಟು ಹತ್ತು ಜನರನ್ನು ಕೂರಿಸಿಕೊಂಡು ಆಳವಾಗಿ ಮಾತಾಡಿಸಿ. ಯಾರನ್ನು ಅಂತ ಕೆಳಗೆ ಯಾರಾದರೂ ವಕೀಲರು ಹೇಳಲಿ.

ಉತ್ತರ: ವಕೀಲೆ, ಬೆಳಗಾವಿ

ಯಾರನ್ನು ಮಾತಾಡಿಸಬಾರದು ಅಂತ ಮೊದಲು ಹೇಳುತ್ತೇನೆ. ಹಿಂಸೆ ಅನುಭವಿಸುತ್ತಿರುವ ಹೆಂಗಸರನ್ನು ನೀವು ನೇರವಾಗಿ ಸಂದರ್ಶನ ಮಾಡಬೇಡಿ. ನಿಮ್ಮ ಫೋನ್ ಕರೆ ಮನೆಯಲ್ಲಿ ಗೊತ್ತಾದರೆ ಪೆಟ್ಟು ತಿನ್ನುವವಳು ಅವಳು. ಗಾಯವನ್ನು ಮತ್ತೆ ಕೆದಕಿ, ಆಮೇಲೆ ಅವಳನ್ನು ನೋಡಿಕೊಳ್ಳುವ ತರಬೇತಿಯೂ ನಿಮಗಿಲ್ಲ. ಒಳ್ಳೆಯ ಪ್ರಬಂಧಕ್ಕಿಂತ ಅವಳ ಕ್ಷೇಮ ದೊಡ್ಡದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದ ಆಪ್ತಸಮಾಲೋಚಕರು, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯಾಗಿರುವ ಸಿಡಿಪಿಒಗಳು (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು), ಕುಟುಂಬ ನ್ಯಾಯಾಲಯದ ವಕೀಲರು, ಮಹಿಳಾ ಠಾಣೆಯ ಸಿಬ್ಬಂದಿ, ಇವರನ್ನು ಮಾತಾಡಿಸಿ. ದೂರು ಎಲ್ಲಿ ಕವಲೊಡೆಯುತ್ತದೆ ಅಂತ ಇವರು ದಿನವೂ ನೋಡುತ್ತಾರೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಪ್ರಬಂಧದಲ್ಲಿ ಹೆಸರು, ಊರು, ಪ್ರಕರಣದ ಸಂಖ್ಯೆ ಬೇಡ. ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೆ.

ಇನ್ನು ಕಾನೂನಿನ ಭಾಗ. 2013ರ ಲಲಿತಾ ಕುಮಾರಿ ತೀರ್ಪು ಓದದೆ ಈ ವಿಷಯ ಮುಟ್ಟಬೇಡಿ. ಸಂಜ್ಞೇಯ ಅಪರಾಧ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಅಂತ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಪ್ರಾಥಮಿಕ ವಿಚಾರಣೆಗೆ ಅವಕಾಶ ಬಿಟ್ಟ ಕೆಲವೇ ಬಗೆಯ ಪ್ರಕರಣಗಳಲ್ಲಿ ವೈವಾಹಿಕ ಜಗಳವೂ ಒಂದು. ಠಾಣೆಯ ‘ಅರ್ಜಿ’ಗೆ ಕಾನೂನಿನಲ್ಲಿ ಸಿಗುವ ಜಾಗ ಅದು. ಆ ಜಾಗ ವಿಚಾರಣೆಗೆ ಬಳಕೆಯಾಗುತ್ತಿದೆಯೋ, ರಾಜಿ ಮಾಡಿಸಲು ಬಳಕೆಯಾಗುತ್ತಿದೆಯೋ? ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದರ ಬಗ್ಗೆ ನಿಮ್ಮ ಕಣ್ಣಾರೆ ಕಂಡದ್ದನ್ನು ಹೇಳಿದರೆ ಪರೀಕ್ಷಕರು ಕಿವಿಗೊಟ್ಟು ಕೇಳುತ್ತಾರೆ.

ಸೆಕ್ಷನ್ ಸಂಖ್ಯೆಗಳ ಬಗ್ಗೆ ಹುಷಾರು. 2024ರ ಜುಲೈ 1ರಿಂದ, ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಬಗ್ಗೆ ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿದ್ದ 498ಎ ಜಾಗಕ್ಕೆ ನ್ಯಾಯ ಸಂಹಿತೆಯ 85 ಬಂದಿದೆ. ಆ ದಿನದ ಹಿಂದಿನ ಮತ್ತು ಮುಂದಿನ ಪ್ರಕರಣಗಳನ್ನು ಹೋಲಿಸುವಾಗ ಎರಡನ್ನೂ ಹುಡುಕಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಹೀಗೆ ಬರೆದುಕೊಂಡಿದ್ದೇನೆ: ‘ಗಂಡನ ಮನೆಯ ಹಿಂಸೆಯ ದೂರು ಯಾವಾಗ ಎಫ್‌ಐಆರ್ ಆಗುತ್ತದೆ, ಯಾವಾಗ ಅರ್ಜಿಯಾಗಿಯೇ ಉಳಿಯುತ್ತದೆ? ಧಾರವಾಡದ ಸಮಾಲೋಚಕರು, ವಕೀಲರು ಮತ್ತು ಪೊಲೀಸರ ಅನುಭವ’. ಅರ್ಜಿಗಳ ಲೆಕ್ಕ ಎಲ್ಲಿ ಸಿಗುತ್ತದೆ?

ಉತ್ತರ: ಉಪನ್ಯಾಸಕಿ, ಮೈಸೂರು

ಈಗ ಪ್ರಶ್ನೆ ಹುಟ್ಟಿತು ನೋಡಿ! ಲೆಕ್ಕಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಏಕೆ’ ಅಂತ ಕೇಳಬೇಡಿ, ದಾಖಲೆಯಲ್ಲಿ ಇರುವುದನ್ನು ಕೇಳಿ: ಇಂಥ ವರ್ಷ ಈ ಠಾಣೆಗೆ ಬಂದ ಕೌಟುಂಬಿಕ ದೂರಿನ ಅರ್ಜಿಗಳು ಎಷ್ಟು, ಎಫ್‌ಐಆರ್ ಆದವು ಎಷ್ಟು, ಹಿಂಬರಹ ಕೊಟ್ಟು ಮುಗಿಸಿದವು ಎಷ್ಟು. ಉತ್ತರಕ್ಕೆ 30 ದಿನ ಕಾಲಾವಕಾಶ ಇದೆ, ಮೇಲ್ಮನವಿ ಹಾಕಬೇಕಾಗಿ ಬಂದರೆ ಇನ್ನೂ ಜಾಸ್ತಿ. ಹಾಗಾಗಿ ಸಿನಾಪ್ಸಿಸ್ (ಪ್ರಬಂಧದ ರೂಪುರೇಷೆ) ಕೊಡುವ ವಾರವೇ ಅರ್ಜಿಯನ್ನೂ ಹಾಕಿಬಿಡಿ. ಉತ್ತರ ಬರದಿದ್ದರೆ ಸಂದರ್ಶನಗಳ ಮೇಲೆಯೇ ಪ್ರಬಂಧ ನಿಲ್ಲುವ ಹಾಗೆ ಅಧ್ಯಾಯಗಳನ್ನು ಜೋಡಿಸಿಕೊಳ್ಳಿ.