ಶಿರಾಡಿ ಘಟ್ಟ ಹತ್ತಿದರೆ ಬ್ಯಾಟರಿ 40% ಖಾಲಿ, ಮನೆ ಚಾರ್ಜಿಂಗ್ ರಾತ್ರಿ ತಾನಾಗೇ ನಿಲ್ಲುತ್ತದೆ, ಫಾಸ್ಟ್ ಚಾರ್ಜರ್‌ನಲ್ಲಿ ಬರೀ 38 ಕಿಲೋವ್ಯಾಟ್. ಗಾಡಿ ಕೆಟ್ಟಿದೆಯಾ?

ಏಲಕ್ಕಿ_75

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಗಾಡಿ ಎಲೆಕ್ಟ್ರಿಕ್ ಎಸ್‌ಯುವಿ. ಕಂಪನಿ ಹೆಸರು ಬೇಡ, ಹೇಳಿದರೆ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಬ್ಯಾಟರಿ 75 ಯೂನಿಟ್ (ಕಿಲೋವ್ಯಾಟ್ ಅವರ್), 400 ವೋಲ್ಟ್‌ನದ್ದು, ಗಾಡಿ ತೂಕ 2 ಟನ್. ತೆಗೆದುಕೊಂಡು ಒಂಬತ್ತು ತಿಂಗಳಾಯಿತು. ನನಗೆ ಮಂಗಳೂರಿನಲ್ಲಿ ಕೆಲಸ. ಅಪ್ಪ ಅಮ್ಮ ಇರುವುದು ಸಕಲೇಶಪುರದ ಹತ್ತಿರ ತೋಟದ ಮನೆಯಲ್ಲಿ. ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇನೆ, ಒಂದು ಕಡೆಗೆ 130 ಕಿಲೋಮೀಟರ್.

ಕಳೆದ ಶನಿವಾರ ಮಂಗಳೂರು ಬಿಡುವಾಗ 48% ಇತ್ತು. ಪರದೆ ಮೇಲೆ 230 ಕಿ.ಮೀ. ಹೋಗಬಹುದು ಎಂದು ತೋರಿಸುತ್ತಿತ್ತು. ಧಾರಾಳ ಸಾಕು ಅಂತ ಹೊರಟೆ. ಮನೆ ಮುಟ್ಟುವಾಗ 8%. ಘಟ್ಟ ಮುಗಿಯುವ ಹೊತ್ತಿಗೆ ಒಂದು ಲಾರಿ ಹಿಂದೆ ಹಾಕೋಣ ಅಂತ ಪೆಡಲ್ ಒತ್ತಿದರೆ ಗಾಡಿ ಎಳೆಯಲೇ ಇಲ್ಲ. ನಿಜಕ್ಕೂ ಹೆದರಿಕೆಯಾಯಿತು.

ರಾತ್ರಿ 11ಕ್ಕೆ ಗಾಡಿ ಜೊತೆ ಕೊಟ್ಟ ಚಿಕ್ಕ ಚಾರ್ಜರನ್ನು ಮನೆ ಸಾಕೆಟ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ 14%, ಡಬ್ಬದ ಮೇಲೆ ಕೆಂಪು ದೀಪ. ರಾತ್ರಿ ಒಂದು ಗಂಟೆ ಹೊತ್ತಿಗೇ ನಿಂತುಹೋಗಿದೆ. ಇದು ಜನವರಿಯಿಂದ ಮೂರನೇ ಸಲ. ಮಳೆಗಾಲದಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ.

ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗೆ ಹೋದೆ. ಮೇಲೆ ದೊಡ್ಡದಾಗಿ 120 ಅಂತ ಬರೆದಿದೆ. ನನ್ನ ಗಾಡಿಗೆ ಸಿಕ್ಕಿದ್ದು 38.

ಶೋರೂಮಿನಲ್ಲಿ ತೋರಿಸಿದೆ. ಲ್ಯಾಪ್‌ಟಾಪ್ ಹಾಕಿ ನೋಡಿ "ಯಾವ ಎರರ್ ಕೋಡೂ ಇಲ್ಲ" ಎಂದು ಕಳಿಸಿದರು. ಬ್ಯಾಟರಿ ಹೋಯಿತಾ?

ಹಾಸನ_ಹೈವೇ

ಸರ್, ಒಂಬತ್ತೇ ತಿಂಗಳಿಗೆ ಮೂರು ಕಡೆ ತೊಂದರೆ ಅಂದರೆ ಸೆಲ್ ಹೋಗಿದೆ, ಸಂಶಯ ಬೇಡ. ವಾರಂಟಿಯಲ್ಲಿ ಬ್ಯಾಟರಿ ಬದಲಾಯಿಸಲು ಪಟ್ಟು ಹಿಡಿಯಿರಿ.

ವೋಲ್ಟು_ಆಂಪು

ತಡೀರಿ ಮಾರಾಯ್ರೆ, ಅಷ್ಟು ಬೇಗ ಬ್ಯಾಟರಿಗೆ ತಿಥಿ ಮಾಡಬೇಡಿ. ನನಗೆ ಇದು ಮೂರು ಬೇರೆ ಬೇರೆ ವಿಷಯ ಅನ್ನಿಸುತ್ತದೆ. ಒಂದೇ ರಾತ್ರಿ ಒಟ್ಟಿಗೆ ಬಂದಿವೆ, ಅಷ್ಟೇ.

ಮೊದಲು ಒಂದು ಲೆಕ್ಕ ಬೇಕು. ವಾಪಸ್ ಇಳಿಯುವಾಗ ಎಷ್ಟು % ಖರ್ಚಾಗುತ್ತದೆ? ಗಾಡಿಯಲ್ಲಿ ಎಷ್ಟು ಜನ ಇದ್ದಿರಿ? ಹತ್ತುವಾಗಿನ ಒಂದು ಸಂಖ್ಯೆ ಇಟ್ಟುಕೊಂಡು ಏನೂ ಹೇಳಲಾಗದು.

ಏಲಕ್ಕಿ_75

ಸರ್ ಅಲ್ಲ, ಮೇಡಂ. 😀

ಇಳಿಯುವಾಗ 26%. ಎರಡೂ ಕಡೆ ನಾವು ನಾಲ್ಕು ಜನ, ಬ್ಯಾಗು, ಬರುವಾಗ ಅಮ್ಮ ಕೊಟ್ಟ ಬಾಳೆಗೊನೆ. ಒಂದು ವಿಚಿತ್ರ ಏನೆಂದರೆ, ಮಂಗಳೂರಿಗೆ ಇಳಿದ ಮೇಲೆ ಪೂರ್ತಿ ಚಾರ್ಜ್ ಮಾಡಿದರೆ 480 ಕಿ.ಮೀ. ತೋರಿಸುತ್ತದೆ. ಊರಿಗೆ ಹತ್ತಿದ ಮೇಲೆ ಅದೇ ಲೆಕ್ಕದಲ್ಲಿ 300 ಸಹ ಬರುವುದಿಲ್ಲ.

ವೋಲ್ಟು_ಆಂಪು

ಸರಿ ಅಕ್ಕ, ಈಗ ನೋಡಿ.

ಮಂಗಳೂರು ಸಮುದ್ರದ ಮಟ್ಟ. ಸಕಲೇಶಪುರ ಸುಮಾರು 900 ಮೀಟರ್ ಮೇಲೆ. 2 ಟನ್ ಗಾಡಿ, ನೀವೆಲ್ಲ ಸೇರಿ ಇನ್ನೊಂದು 300 ಕೆ.ಜಿ. ಇಷ್ಟು ಭಾರವನ್ನು 900 ಮೀಟರ್ ಎತ್ತಲು ಬೇಕಾದ ಶಕ್ತಿ 5.6 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೆ 6ಕ್ಕಿಂತ ಸ್ವಲ್ಪ ಜಾಸ್ತಿ. ಎಷ್ಟೇ ನಿಧಾನ ಹೋದರೂ ಈ 6 ಯೂನಿಟ್ ಕೊಡಲೇಬೇಕು.

ನೀವು ಹತ್ತುವಾಗ ಖರ್ಚು ಮಾಡಿದ್ದು 75ರಲ್ಲಿ 40%, ಅಂದರೆ 30 ಯೂನಿಟ್. ಘಟ್ಟದ 6 ಕಳೆದರೆ 24 ಉಳಿಯಿತು. ಇಳಿಯುವಾಗ ಖರ್ಚು 26%, ಅಂದರೆ 19.5. ಇಳಿಜಾರಿನಲ್ಲಿ ಗಾಡಿ ಆ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ ಕೊಟ್ಟಿತು ಅಂದುಕೊಳ್ಳಿ, ಸುಮಾರು 4 ಯೂನಿಟ್. ಅದನ್ನು ಸೇರಿಸಿ. 23.5. ಎರಡೂ ಕಡೆ ಒಂದೇ ಲೆಕ್ಕ ಬಂತು, ಅಲ್ವಾ? ಅಂದರೆ ಸಮತಟ್ಟು ರಸ್ತೆಯಲ್ಲಿ ನಿಮ್ಮ ಗಾಡಿ ಯೂನಿಟ್‌ಗೆ 5.5 ಕಿ.ಮೀ. ಕೊಡುತ್ತಿದೆ. ನಾಲ್ಕು ಜನ ಕೂತ, ಎಸಿ ಹಾಕಿದ 2 ಟನ್ ಗಾಡಿಗೆ ಇದು ಒಳ್ಳೆಯ ಮೈಲೇಜೇ. ಸೆಲ್ ಹೋದ ಗಾಡಿಯಲ್ಲಿ ಈ ಲೆಕ್ಕ ಹೀಗೆ ಕೂಡಿಬರುವುದಿಲ್ಲ.

ಪರದೆ ತೋರಿಸುವ ಕಿಲೋಮೀಟರ್ ನಂಬಬೇಡಿ. ಅದು ಇಷ್ಟು ದಿನ ನೀವು ಓಡಿಸಿದ ರೀತಿ ನೋಡಿ ಮುಂದಿನದನ್ನು ಊಹಿಸುತ್ತದೆ. ಇಳಿದು ಬಂದವರಿಗೆ 480 ಅನ್ನುತ್ತದೆ, ಹತ್ತಿ ಬಂದವರಿಗೆ 290. ಮುಂದೆ ಘಟ್ಟ ಇದೆ ಎಂದು ಅದಕ್ಕೆ ಗೊತ್ತಿಲ್ಲ. ಹತ್ತುವ ದಿನ % ನೋಡಿ ಹೊರಡಿ. ಮಂಗಳೂರಿನಲ್ಲಿ 65 ಇದ್ದರೆ ನಿಶ್ಚಿಂತೆ.

ಶೋರೂಮಿನವರು ಹೇಳುವ ಸಂಖ್ಯೆಯೂ ಅಷ್ಟೇ. ಹ್ಯುಂಡೈ ಅಯೋನಿಕ್ 5 ಇಲ್ಲಿಗೆ ಬಂದಾಗ ಎಆರ್‌ಎಐ (ನಮ್ಮ ದೇಶದ ವಾಹನ ಪರೀಕ್ಷಾ ಸಂಸ್ಥೆ) ಲೆಕ್ಕದಲ್ಲಿ 631 ಕಿ.ಮೀ. ಅಂದರು. ಅದೇ 72.6 ಯೂನಿಟ್ ಬ್ಯಾಟರಿಯ ಗಾಡಿಗೆ ಯೂರೋಪಿನ ಡಬ್ಲ್ಯೂಎಲ್‌ಟಿಪಿ ಲೆಕ್ಕ 481. ಕಿಯಾ ಇವಿ6 ಇಲ್ಲಿ 708, ಅಲ್ಲಿ 528. ಗಾಡಿ ಅದೇ, ಪರೀಕ್ಷೆ ಬೇರೆ. ನಮ್ಮ ಪರೀಕ್ಷೆಯಲ್ಲಿ ವೇಗ 90 ದಾಟುವುದೇ ಇಲ್ಲ.

ಘಟ್ಟದಲ್ಲಿ ಎಳೆಯದಿದ್ದಕ್ಕೂ ಉತ್ತರ 8% ಅನ್ನುವುದರಲ್ಲೇ ಇದೆ. ತಳ ಮುಟ್ಟಿದ ಬ್ಯಾಟರಿಯಿಂದ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಅದಕ್ಕೇ ಗಾಡಿ ತಾನೇ ಪವರ್ ಕಡಿಮೆ ಮಾಡುತ್ತದೆ. 15ರ ಕೆಳಗೆ ಶಿರಾಡಿಯಲ್ಲಿ ಲಾರಿ ಹಿಂದೆ ಹಾಕುವ ಸಾಹಸ ಬೇಡ.

ಟೈರ್ ಗಾಳಿ ಒಮ್ಮೆ ನೋಡಿ. ಇನ್ನು ಬಿ.ಸಿ. ರೋಡ್ ಕಡೆ ರಸ್ತೆ ಚೆನ್ನಾಗಿರುವಲ್ಲಿ ನೀವು 100ರಲ್ಲಿ ಹೋಗುತ್ತೀರಿ ಅಂತ ನನ್ನ ಊಹೆ. 80ಕ್ಕಿಂತ 100ರಲ್ಲಿ ಗಾಳಿಯ ತಡೆ ಒಂದೂವರೆ ಪಟ್ಟು.

ನೆಲ್ಯಾಡಿ_ಎಕ್ಸ್‌ಪ್ರೆಸ್

ಲೆಕ್ಕದ ಮೇಷ್ಟ್ರಿಗೆ ನಮಸ್ಕಾರ.

ಒಂದು ಮಾತು ಸೇರಿಸುತ್ತೇನೆ. ತೋಟದ ಮನೆಯಲ್ಲಿ 100% ತುಂಬಿಸಿ ಇಳಿಯಬೇಡಿ. ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ, ಇಳಿಜಾರಿನಲ್ಲಿ ಬರುವ ಶಕ್ತಿ ಹಿಡಿದಿಡಲು ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ. ನಾನು ಒಮ್ಮೆ ಹಾಗೆ ಇಳಿದಿದ್ದೆ. ಪೆಡಲ್ ಬಿಟ್ಟರೆ ಎಂದಿನಂತೆ ಗಾಡಿ ನಿಧಾನವಾಗಲಿಲ್ಲ. ಘಟ್ಟದ ಬುಡದ ಗುಂಡ್ಯದವರೆಗೂ ಬ್ರೇಕ್ ಮೇಲೆ ಕಾಲು. 80ಕ್ಕೆ ನಿಲ್ಲಿಸಿ.

ಫಾಸ್ಟ್ ಚಾರ್ಜರ್ ಬಗ್ಗೆ: ಪಕ್ಕದ ಗನ್‌ನಲ್ಲಿ (ಅದೇ ಚಾರ್ಜರಿನ ಇನ್ನೊಂದು ಕೇಬಲ್) ಬೇರೆ ಗಾಡಿ ಇತ್ತಾ? ಬೆಳಿಗ್ಗೆ ಎಷ್ಟು ಗಂಟೆ?

ಏಲಕ್ಕಿ_75

ಹೌದು, ಒಂದು ಟ್ಯಾಕ್ಸಿ ಇತ್ತು. ಬೆಳಿಗ್ಗೆ ಆರೂ ಮುಕ್ಕಾಲು, ಮಂಜು. ಗಾಡಿ ರಾತ್ರಿಯೆಲ್ಲ ಅಂಗಳದಲ್ಲೇ ನಿಂತಿತ್ತು. ಪರದೆಯಲ್ಲಿ ಹೊರಗಿನ ತಾಪ 14 ಡಿಗ್ರಿ.

ನೆಲ್ಯಾಡಿ_ಎಕ್ಸ್‌ಪ್ರೆಸ್

ಹಾಗಿದ್ದರೆ ಅರ್ಧ ಉತ್ತರ ಟ್ಯಾಕ್ಸಿ, ಅರ್ಧ ಚಳಿ.

ಎರಡು ಗನ್ ಇರುವ 120ರ ಚಾರ್ಜರ್‌ನಲ್ಲಿ ಇಬ್ಬರು ಹಾಕಿದರೆ ಸಾಮಾನ್ಯವಾಗಿ ತಲಾ 60. ನಿಮಗೆ ಅದೂ ಸಿಗಲಿಲ್ಲ, 38 ಸಿಕ್ಕಿತು. ಯಾಕೆಂದರೆ ಬ್ಯಾಟರಿ ತಣ್ಣಗಿತ್ತು. ತಣ್ಣಗಿನ ಸೆಲ್‌ಗೆ ಜೋರಾಗಿ ಕರೆಂಟ್ ತಳ್ಳಿದರೆ ಒಳಗೆ ಲಿಥಿಯಂ ಪದರ ಕಟ್ಟುತ್ತದೆ, ಸೆಲ್ ಹಾಳಾಗುತ್ತದೆ. ಗಾಡಿಯೇ ಕಡಿಮೆ ಕೇಳುತ್ತದೆ. ಕೆಲವು ಚಾರ್ಜರ್ ಪರದೆಯಲ್ಲಿ ಗಾಡಿ ಕೇಳಿದ ಆಂಪ್ಸ್, ಚಾರ್ಜರ್ ಕೊಟ್ಟ ಆಂಪ್ಸ್ ಎರಡೂ ಕಾಣುತ್ತವೆ. ಎರಡೂ ಒಂದೇ ಇದ್ದರೆ ತಡೆ ಗಾಡಿಯದ್ದು. ಕೇಳಿದ್ದು ಜಾಸ್ತಿ, ಕೊಟ್ಟಿದ್ದು ಕಡಿಮೆ ಇದ್ದರೆ ಚಾರ್ಜರ್‌ದು.

ಗಾಡಿಯ ಸ್ವಂತ ಮ್ಯಾಪಿನಲ್ಲಿ ಚಾರ್ಜರನ್ನೇ ಗುರಿಯಾಗಿ ಹಾಕಿ ಹೊರಟರೆ ಕೆಲವು ಗಾಡಿ ದಾರಿಯಲ್ಲೇ ಬ್ಯಾಟರಿ ಬೆಚ್ಚಗೆ ಮಾಡಿಕೊಳ್ಳುತ್ತವೆ. ಫೋನಿನ ಮ್ಯಾಪ್ ಹಾಕಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾಟರಿ 20%ಗಿಂತ ಕೆಳಗಿದ್ದರೆ ಎಷ್ಟೋ ಗಾಡಿಗಳಲ್ಲಿ ಈ ಕೆಲಸ ನಡೆಯುವುದೂ ಇಲ್ಲ. ಎಲ್ಲಕ್ಕಿಂತ ಸುಲಭ ಅಂದರೆ ಘಟ್ಟ ಹತ್ತಿದ ತಕ್ಷಣ, ಬ್ಯಾಟರಿ ಬಿಸಿ ಇರುವಾಗಲೇ ಚಾರ್ಜ್ ಮಾಡಿ ಮನೆಗೆ ಹೋಗುವುದು.

ಆದರೆ ಪೂರ್ತಿ 120 ಕಾಯಬೇಡಿ. ಚಾರ್ಜರಿನ ಕೇಬಲ್ 250 ಆಂಪ್ಸ್‌ದಾದರೆ, ನಿಮ್ಮ ಬ್ಯಾಟರಿ ಆ ಹೊತ್ತಿಗೆ 390 ವೋಲ್ಟ್ ಇದ್ದರೆ, ಗುಣಿಸಿ. 97 ಕಿಲೋವ್ಯಾಟ್. ಅದೇ ಕೇಬಲ್‌ನಲ್ಲಿ ಅಯೋನಿಕ್ 5ರಂಥ 800 ವೋಲ್ಟ್ ಗಾಡಿ ಪೂರ್ತಿ 120 ಎಳೆಯುತ್ತದೆ.

ತೋಟದ_ವೈರ್‌ಮನ್

ಎಲ್ಲರೂ ಹೆದ್ದಾರಿಯಲ್ಲೇ ಇದ್ದೀರಿ, ಮನೆ ಸಾಕೆಟ್ ಯಾರೂ ನೋಡಲಿಲ್ಲ. ನನ್ನ ಪ್ರಕಾರ ಇರುವುದರಲ್ಲಿ ಅಪಾಯದ್ದು ಅದೊಂದೇ.

ಮೇಡಂ, "ಮಳೆಗಾಲದಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ" ಅಂದಿರಲ್ಲ, ಅಲ್ಲೇ ಸಿಕ್ಕಿಬಿದ್ದಿತು. ಅರ್ಥಿಂಗ್ ಗುಂಡಿ ಒಣಗಿದೆ. ಮಣ್ಣು ಒದ್ದೆ ಇದ್ದರೆ ಅರ್ಥ್ ಸಿಗುತ್ತದೆ, ಜನವರಿಗೆ ಒಣಗಿದರೆ ಸಿಗುವುದಿಲ್ಲ. ಫ್ರಿಜ್ಜು, ಮಿಕ್ಸಿ ಅರ್ಥ್ ಇಲ್ಲದಿದ್ದರೂ ಓಡುತ್ತವೆ, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗಿರುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಅರ್ಥ್ ಇದೆಯಾ ಅಂತ ನೋಡುತ್ತಲೇ ಇರುತ್ತದೆ. ನಿಮ್ಮದು ಗಡಿಯಲ್ಲಿದೆ. ಸ್ವಲ್ಪ ಹೊತ್ತು ಒಪ್ಪುತ್ತದೆ, ಆಮೇಲೆ ಬಿಡುತ್ತದೆ.

ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕರೆದು ಮಲ್ಟಿಮೀಟರ್‌ನಲ್ಲಿ ಆ ಸಾಕೆಟ್‌ನ ಮೂರು ರೀಡಿಂಗ್ ತೆಗೆಸಿ: ಫೇಸ್‌ಗೂ ನ್ಯೂಟ್ರಲ್‌ಗೂ, ಫೇಸ್‌ಗೂ ಅರ್ಥ್‌ಗೂ, ನ್ಯೂಟ್ರಲ್‌ಗೂ ಅರ್ಥ್‌ಗೂ. ಮೊದಲ ಎರಡು ಹತ್ತಿರ ಹತ್ತಿರ ಇರಬೇಕು. ಮೂರನೆಯದು ಮೂರ್ನಾಲ್ಕು ವೋಲ್ಟ್ ಒಳಗಿರಬೇಕು. ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಅಪ್ಪನನ್ನೂ ಕೇಳಿ.

ಇನ್ನೊಂದು. ಯಾರೋ ಒಬ್ಬ ಬಂದು "ಪ್ಲಗ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿದರೆ ಆಯಿತು" ಅನ್ನುತ್ತಾನೆ. ಹಾಕಿಸಬೇಡಿ. ಕೆಂಪು ದೀಪ ಹೋಗುತ್ತದೆ ನಿಜ. ಆದರೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಗಾಡಿಯ ಮೈಗೇ ಕರೆಂಟ್ ಬರುತ್ತದೆ. ತೋಟದ ಲೈನಿನಲ್ಲಿ ಮರ ಬಿದ್ದು ನ್ಯೂಟ್ರಲ್ ತುಂಡಾಗುವುದು ಹೊಸತೇನಲ್ಲ.

ಹಾಸನ_ಹೈವೇ

ಬ್ಯಾಟರಿ ವಿಷಯದಲ್ಲಿ ನನ್ನ ಮಾತು ವಾಪಸ್. ಆ ತುಂಡು ವೈರ್ ನನ್ನ ಮನೆಯಲ್ಲಿದೆ. 😬 ನಾಳೆಯೇ ತೆಗೆಸುತ್ತೇನೆ.

ಏಲಕ್ಕಿ_75

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಎಲೆಕ್ಟ್ರಿಷಿಯನ್ ತೆಗೆದ ರೀಡಿಂಗ್: ಫೇಸ್–ನ್ಯೂಟ್ರಲ್ 218, ಫೇಸ್–ಅರ್ಥ್ 183, ನ್ಯೂಟ್ರಲ್–ಅರ್ಥ್ 36. ವೈರ್‌ಮನ್ ಅಣ್ಣ ಹೇಳಿದ್ದೇ ಸರಿ.

ಗುಂಡಿ ಹುಡುಕಿದ ಕಥೆ ಕೇಳಿ. ಅಪ್ಪನಿಗೆ ಜಾಗ ಮರೆತೇ ಹೋಗಿತ್ತು. ಕೊನೆಗೆ ಬಚ್ಚಲಿನ ಹಿಂದೆ ಕೆಸುವಿನ ಎಲೆ ಸರಿಸಿದಾಗ ಸಿಮೆಂಟ್ ಮುಚ್ಚಳ ಸಿಕ್ಕಿತು. ಅಜ್ಜನ ಕಾಲದಲ್ಲಿ ಬೇಕೆಂದೇ ಅಲ್ಲಿ ತೋಡಿಸಿದ್ದಂತೆ, ಸ್ನಾನದ ನೀರು ಸದಾ ಹರಿದು ಒದ್ದೆ ಇರಲಿ ಎಂದು. ಹೋದ ವರ್ಷ ಬಚ್ಚಲು ರಿಪೇರಿ ಮಾಡಿಸುವಾಗ ಅಪ್ಪ ಆ ನೀರಿಗೆ ಪೈಪ್ ಹಾಕಿ ಬಾಳೆಗಿಡಕ್ಕೆ ಬಿಟ್ಟಿದ್ದಾರೆ! ಗುಂಡಿಯ ಒಳಗಿನ ಇದ್ದಿಲು ಬೂದಿಯ ಹಾಗೆ ಒಣಗಿತ್ತು.

ಎರಡು ದಿನ ಬೆಳಿಗ್ಗೆ ಸಂಜೆ ಎರಡೆರಡು ಬಕೆಟ್ ನೀರು ಹಾಕಿದೆವು. ಫೇಸ್–ಅರ್ಥ್ 214ಕ್ಕೆ ಬಂತು, ನ್ಯೂಟ್ರಲ್–ಅರ್ಥ್ 4ಕ್ಕೆ ಇಳಿಯಿತು. ಆ ರಾತ್ರಿ ಚಾರ್ಜಿಂಗ್ ನಿಲ್ಲಲಿಲ್ಲ. ಹತ್ತು ಗಂಟೆಯಲ್ಲಿ 28% ಏರಿತು.

ಹಳೇ ಸಾಕೆಟ್ ಬಿಚ್ಚಿದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ನ್ಯೂಟ್ರಲ್ ಕಡೆಯ ಸ್ಕ್ರೂ ಸಡಿಲ, ಅದರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಮಿಕ್ಸಿ ಐದು ನಿಮಿಷ ಓಡುವ ಸಾಕೆಟ್‌ನಲ್ಲಿ ನಾವು ಹತ್ತು ಗಂಟೆ ಕಾರು ಹಾಕುತ್ತಿದ್ದೆವು. ಈಗ ಮೇನ್ ಬೋರ್ಡಿನಿಂದ ಕಾರಿಗೇ ಅಂತ ಪ್ರತ್ಯೇಕವಾಗಿ 4 ಸ್ಕ್ವೇರ್ ಎಂಎಂ ವೈರ್ ಎಳೆಸಿ, 16 ಆಂಪ್ಸ್‌ನ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಕೂರಿಸಿದ್ದಾಯಿತು. ಹೊಸ ಅರ್ಥಿಂಗ್ ಗುಂಡಿಯೂ ಆಯಿತು.

ಟೈರ್ ಗಾಳಿ 30 ಇತ್ತು, ಬಾಗಿಲ ಸ್ಟಿಕ್ಕರ್‌ನಲ್ಲಿ 36. ಸರಿ ಮಾಡಿಸಿ, 80 ದಾಟದೆ ಹೋದೆ. ಈ ಸಲ ಹತ್ತಲು 36% ಸಾಕಾಯಿತು. ಘಟ್ಟ ಹತ್ತಿದ ಮೇಲೆ ಅದೇ ಚಾರ್ಜರ್‌ಗೆ ಹೋದೆ. ಮಧ್ಯಾಹ್ನ, ಪಕ್ಕದಲ್ಲಿ ಯಾರೂ ಇರಲಿಲ್ಲ. 94 ಕಿಲೋವ್ಯಾಟ್! ಕಾಫಿ ಮುಗಿಯುವ ಮೊದಲೇ 70 ದಾಟಿತ್ತು.

ಅಪ್ಪನದು ಒಂದೇ ಪ್ರಶ್ನೆ: ಬಚ್ಚಲು ನೀರನ್ನು ಮತ್ತೆ ಗುಂಡಿಗೆ ತಿರುಗಿಸಬೇಕಾ?

ತೋಟದ_ವೈರ್‌ಮನ್

ಬೇಡ, ಬಾಳೆಗೇ ಇರಲಿ. ಹೊಸ ಗುಂಡಿಗೆ ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೆರಡು ಕೊಡ ಸಾಕು. ಮೀಟರ್ ಇಟ್ಟು ನೋಡಿಕೊಳ್ಳಿ, ನ್ಯೂಟ್ರಲ್–ಅರ್ಥ್ 10 ವೋಲ್ಟ್ ದಾಟಿದರೆ ಇಲ್ಲಿ ಬರೆಯಿರಿ.